ಎರಡು ದಿನದ ಅಳಿಯ

ಪರವೂರಿಗೆ ಹೋದ ಮನುಷ್ಯ ಹೋಟೆಲಿನಲ್ಲಿ ಇಳಿಯಬೇಕೋ, ಎರಡು ದಿನದ ಮಟ್ಟಿಗೆ ಮನೆ ಹಿಡಿಯಬೇಕೋ ಎಂಬುದು ಯುದ್ಧ, ಸಂಧಾನಗಳಷ್ಟೇ ಗಂಭೀರವಾದ ವಿಚಾರ. ನಮ್ಮ ಗುಮಾಸ್ತರು ಅದನ್ನು ಷಡ್ಡಕನ ತೀರ್ಮಾನಕ್ಕೆ ಬಿಟ್ಟದ್ದೇ ತಪ್ಪಾಯಿತು.

“ಹೋಟೆಲಂತೆ ಹೋಟೆಲು! ಊರೆಲ್ಲ ಉರುಳಾಡಿದ ಹಾಸಿಗೆ. ಮನೆ ಹಿಡೀರಿ ಭಾವ, ಹೇಳೋರಿಲ್ಲ ಕೇಳೋರಿಲ್ಲ,” ಎಂದಿದ್ದ ಅವನು.

ಹನ್ನೊಂದು ವರ್ಷ ಕಾದ ಬಡ್ತಿ. ಮುಖ್ಯ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನ. ಗುಮಾಸ್ತರು ಹಿಂದಿನ ಸಂಜೆಯೇ ಬಂದು ಎರಡನೇ ಮಹಡಿಯ ಮನೆ ಹೊಕ್ಕರು. ಮಾಲೀಕ ಫೋನಿನಲ್ಲಿ ಒಂದೇ ಮಾತು ಹೇಳಿದ್ದ: “ಈ ಕಟ್ಟಡದಲ್ಲಿ ದಿನದ ಬಾಡಿಗೆಗೆ ಕೊಡೋ ಹಾಗಿಲ್ಲ. ಯಾರಾದ್ರೂ ಕೇಳಿದ್ರೆ ನನ್ನ ಅಳಿಯ ಅನ್ನಿ.”

ಮರುದಿನ ಒಂಬತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು ಬಾಗಿಲು ತೆರೆದರೆ, ಎದುರುಮನೆಯ ಅಜ್ಜಿ ಇಲಿ ಬಿಲದ ಮುಂದೆ ಬೆಕ್ಕು ಕೂತ ಹಾಗೆ ಕೂತಿದ್ದರು.

“ಯಾರಪ್ಪ ನೀನು?”

“ಈ ಮನೆ ಅಳಿಯ.”

“ಅಳಿಯನಾ! ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ಮಗಳ ಮದುವೆಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಸ್ವಲ್ಪ ಅವಸರದಲ್ಲಿ ಆಯ್ತು ಅಜ್ಜಿ.”

“ಅವಸರ ಅಂದ್ರೆ?” ಅಜ್ಜಿಯ ಹುಬ್ಬು ನೆತ್ತಿಗೇರಿತು. ಗುಮಾಸ್ತರ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಕೆಳಮನೆಯಿಂದ ದಪ್ಪ ಮೀಸೆಯೊಂದು ಮೆಟ್ಟಿಲೇರಿ ಬಂತು. “ನಾನು ಕಟ್ಟಡದ ಸಂಘದ ಅಧ್ಯಕ್ಷ. ಅಳಿಯಂದಿರು ಸಿಕ್ಕಿದ್ದು ಒಳ್ಳೇದೇ ಆಯ್ತು. ನಿಮ್ಮ ಮಾವನ ಬಚ್ಚಲು ಸೋರಿ ನಮ್ಮ ಅಡುಗೆಮನೆ ಕೆರೆಯಾಗಿದೆ. ನಡೀರಿ ಒಳಗೆ!”

“ಸಾರ್, ನನಗೆ ತುರ್ತು ಕೆಲಸ ಇದೆ…”

“ಮಾವನ ಮರ್ಯಾದೆಗಿಂತ ತುರ್ತಾ?” ಅಜ್ಜಿ ಒಗ್ಗರಣೆ ಹಾಕಿದರು.

ಬಚ್ಚಲಲ್ಲಿ ಅಧ್ಯಕ್ಷರು ತೋರಿಸಿದ ನಲ್ಲಿಯನ್ನು ಗುಮಾಸ್ತರು ತಿರುವಿದರು. ನಲ್ಲಿ ಕೈಗೇ ಬಂತು. ನೀರು ಎದೆಗೆ ಹಾರಿ, ಇಸ್ತ್ರಿ ಅಂಗಿ ನೆಂದ ಹಪ್ಪಳವಾಯಿತು. ಬಟ್ಟೆ ತುರುಕಿ ನೀರು ನಿಲ್ಲಿಸುವ ಹೊತ್ತಿಗೆ ಹತ್ತೂಮುಕ್ಕಾಲು.

“ರಿಪೇರಿ ಮಾಡಿಸ್ತೀನಿ ಅಂತ ಬರೆದು ಕೊಡದೆ ಹೊಸಿಲು ದಾಟೋ ಹಾಗಿಲ್ಲ,” ಎಂದರು ಅಧ್ಯಕ್ಷರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

ಗುಮಾಸ್ತರ ತಾಳ್ಮೆ ಹರಿಯಿತು. “ನಾನು ಅಳಿಯನೂ ಅಲ್ಲ, ಮಣ್ಣೂ ಅಲ್ಲ! ಎರಡು ದಿನದ ಬಾಡಿಗೆಗೆ ಬಂದವನು!”

ಅಜ್ಜಿ ಮೆಲ್ಲಗೆ ಕೇಳಿದರು, “ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ? ನಾನೂ ಮೊನ್ನೆ ಬಂದವಳೇ ಕಣಪ್ಪ.”

“ಇಪ್ಪತ್ತು ವರ್ಷ?”

“ಹಾಗೆ ಹೇಳು ಅಂದಿದ್ರು ನಮ್ಮ ಮಾಲೀಕರು.”

ಇಬ್ಬರೂ ಅಧ್ಯಕ್ಷರ ಕಡೆ ತಿರುಗಿದರು. ಅವರು ಮೀಸೆ ಸವರುವುದನ್ನು ನಿಲ್ಲಿಸಿದ್ದರು. “ಅಧ್ಯಕ್ಷ ಅಂದ್ರೆ ಯಾರೂ ವಿಚಾರಿಸಲ್ಲ ಅಂದಿದ್ರು ನಮ್ಮ ಮಾಲೀಕರೂ.”

“ಮತ್ತೆ ಬಚ್ಚಲು?”

“ಸೋರಿಕೆ ಬಗ್ಗೆ ಜಗಳ ಆಡದಿದ್ರೆ ಹಳಬ ಅಂತ ಯಾರು ನಂಬ್ತಾರೆ ಸ್ವಾಮಿ?”

ಕಸ ಗುಡಿಸುವಾಕೆ ಪೊರಕೆ ಹಿಡಿದು ಇಣುಕಿದಳು. “ಸಾರ್, ಕೆಳಗಿನ ಮನೆ ಕೀ ಕೊಡಿ. ಹೊಸ ಅಧ್ಯಕ್ಷರು ಹನ್ನೆರಡಕ್ಕೆ ಬರ್ತಾರೆ.”

ಗುಮಾಸ್ತರು ಒದ್ದೆ ಅಂಗಿಯಲ್ಲೇ ಓಡಿದರು. ಮುಖ್ಯ ಕಚೇರಿ ಮುಟ್ಟಿದಾಗ ಹನ್ನೊಂದೂ ನಲವತ್ತು. ಎದುರಿನ ಹೋಟೆಲಿನಲ್ಲಿ ಇಳಿದುಕೊಂಡು ಹೊತ್ತಿಗೆ ಸರಿಯಾಗಿ ಸಂದರ್ಶನಕ್ಕೆ ಬಂದಿದ್ದ ಇನ್ನೊಬ್ಬ ಗುಮಾಸ್ತರಿಗೆ ಬಡ್ತಿ ಆಗಿತ್ತು.