ಹಿಕ್ಮತನ ಮೀಸೆಯೂ ಉಮ್ಮು ಗಸ್ಸಾನಳ ತಟ್ಟೆಯೂ

ಹಿಕ್ಮತ್ ಮೀಸೆ ಮುಟ್ಟಿ ಆಣೆ ಇಟ್ಟದ್ದೇ ತಪ್ಪಾಯಿತು. ಅಮ್ಮಾನ್ ನಗರದಲ್ಲಿ ಗಂಡಸಾದವನು ಸುಮ್ಮಸುಮ್ಮನೆ ಮೀಸೆಗೆ ಕೈ ಹಾಕುವುದಿಲ್ಲ. ಸಾಲ ಕೇಳಲು, ಕೊಲೆ ರಾಜಿ ಮಾಡಿಸಲು, ಹೆಣ್ಣು ಕೇಳಲು ಹೋದಾಗ ಹಾಕುತ್ತಾರೆ. ಈ ಪುಣ್ಯಾತ್ಮ ಪಿಜ್ಜಾಕ್ಕೋಸ್ಕರ ಹಾಕಿದ.

ಗುರುವಾರ ಬೆಳಗ್ಗೆ ಶಾಲೆಯ ವ್ಯಾನು ಬರುವ ಮೊದಲು ಮಗಳು ಜುಮಾನಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವತ್ತು ಅವಳಿಗೆ ಒಂಬತ್ತು ತುಂಬಿತ್ತು. ಸಂಜೆ ಐದು ಜನ ಗೆಳತಿಯರು ದಿಂಬು ಹೊತ್ತುಕೊಂಡು ಬಂದು ರಾತ್ರಿ ಇಲ್ಲೇ ಉಳಿಯುವವರಿದ್ದರು. ಮಗಳನ್ನು ಇನ್ನೊಬ್ಬರ ಮನೆಯಲ್ಲಿ ಮಲಗಲು ಕಳಿಸುವುದೆಂದರೆ ಅಲ್ಲಿನ ತಾಯಂದಿರಿಗೆ ಸಣ್ಣ ಮಾತಲ್ಲ. ಹಿಕ್ಮತನ ಹೆಂಡತಿ ರಬಾಬ್ ಒಂದು ವಾರ ಫೋನು ಹಿಡಿದು ಎಲ್ಲರನ್ನೂ ಒಪ್ಪಿಸಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಮನೆಗೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗಿನ ತಯಾರಿಗೆ ಹಿಕ್ಮತ್ ಆಫೀಸಿಗೆ ರಜೆ ಹಾಕಿದ್ದ.

"ಅಪ್ಪಾ, ಹೋದ್ ವರ್ಷ ಏನಾಯ್ತು ನೆನಪಿದೆಯಾ?"

"ಏನಾಯ್ತು ಪುಟ್ಟಿ? ಚೆನ್ನಾಗೇ ಆಯ್ತಲ್ಲ."

"ಚೆನ್ನಾಗಾ? ಅಮ್ಮ ಎಳೆ ಸೋರೆಕಾಯಿಗೆ ಅಕ್ಕಿ ತುಂಬಿ ಬೇಯಿಸಿದ್ರು. ಬರ್ತ್‌ಡೇಗೆ! ಇಡೀ ಕ್ಲಾಸು ಇವತ್ತಿಗೂ ನನ್ನ ಸೋರೆಕಾಯಿ ಅಜ್ಜಿ ಅಂತ ಕರಿಯುತ್ತೆ." ಹುಡುಗಿಯ ಕೆನ್ನೆ ಮೇಲೆ ಕಣ್ಣೀರು ಇಳಿಯಿತು. "ಈ ಸಲ ಪಿಜ್ಜಾ, ಚಿಪ್ಸು, ಚಾಕಲೇಟ್ ಕೇಕು. ಅಷ್ಟೇ. ಮನೇಲಿ ಮಾಡಿದ್ದು ಒಂದು ಅಗುಳೂ ಇರಬಾರದು."

"ಇರಲ್ಲ."

"ಹಾಗಂತ ಆಣೆ ಇಡು."

ಹಿಕ್ಮತನಿಗೆ ಮಗಳ ಕಣ್ಣೀರು ನೋಡಲಾಗಲಿಲ್ಲ. ಹದಿನೈದು ವರ್ಷದಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆಯ ತುದಿ ಹಿಡಿದ. "ಪಾರ್ಟೀಲಿ ಮನೆ ಅಡುಗೆ ಒಂದು ಅಗುಳು ಕಂಡ್ರೂ ಇದನ್ನ ಬೋಳಿಸಿಬಿಡ್ತೀನಿ. ಸರೀನಾ?"

ಜುಮಾನಾ ಕಣ್ಣೊರೆಸಿಕೊಂಡು ವ್ಯಾನು ಹತ್ತಿದಳು. ಶಾಲೆ ಬಿಟ್ಟ ಮೇಲೆ ಅಜ್ಜಿ ಮನೆಗೆ ಹೋಗಿ ಐದೂವರೆಗೆ ಬರುವವಳು.

ಹಿಕ್ಮತ್ ಅಂಗಡಿಗೆ ಹೋಗಿ ಬಲೂನು, ಚಿಪ್ಸಿನ ಪೊಟ್ಟಣ ಹೊತ್ತು ಬಂದ. ನೆಲಮಹಡಿಯ ಬಾಗಿಲಲ್ಲಿ ಉಮ್ಮು ಗಸ್ಸಾನ್ ಸೊಪ್ಪು ಸೋಸುತ್ತ ಕೂತಿದ್ದಳು. ಅಲ್ಲಿ ಹೆತ್ತವರನ್ನು ಮಕ್ಕಳ ಹೆಸರು ಸೇರಿಸಿಯೇ ಕರೆಯುತ್ತಾರೆ, ಉಮ್ಮು ಎಂದರೆ ತಾಯಿ, ಅಬು ಎಂದರೆ ತಂದೆ. ಅವಳಿಗೆ ಒಂದು ವಿಷಯ ಗೊತ್ತಾದರೆ ಅರ್ಧ ಬೀದಿಗೆ ಗೊತ್ತಾದ ಹಾಗೆ. ಉಳಿದರ್ಧಕ್ಕೆ ಊಟದ ನಂತರ ಗೊತ್ತಾಗುತ್ತದೆ.

"ಏನಪ್ಪಾ ಅಬು ಜುಮಾನಾ, ಮಕ್ಕಳಿಗೆ ಏನು ಅಡುಗೆ?"

"ಪಿಜ್ಜಾ ತರಿಸ್ತೀನಿ ಉಮ್ಮು ಗಸ್ಸಾನ್."

"ಅಂಗಡಿ ಪಿಜ್ಜಾ?" ಆಕೆ ಎದೆ ಮೇಲೆ ಕೈ ಇಟ್ಟುಕೊಂಡಳು. "ಪರರ ಮನೆ ಹೆಣ್ಮಕ್ಕಳು ಕಣೋ, ರಾತ್ರಿ ಹೊಟ್ಟೆ ಹಿಡ್ಕೊಂಡು ಅತ್ರೆ ಅವರಮ್ಮಂದಿರಿಗೆ ಏನು ಹೇಳ್ತೀಯ?"

ಹಿಕ್ಮತ್ ಹಲ್ಲು ಕಿರಿದು ಮೇಲೆ ಹತ್ತಿದ. ಹತ್ತು ಗಂಟೆಗೆ ಕೆಳಗಿಂದ ಕೂಗು ಬಂತು. "ಹಿಕ್ಮತ್! ಬುಟ್ಟಿ ಇಳಿಬಿಡು!"

ಆ ಕಟ್ಟಡದಲ್ಲಿ ಪ್ರತಿ ಬಾಲ್ಕನಿಗೂ ಹಗ್ಗ ಕಟ್ಟಿದ ಬುಟ್ಟಿಯುಂಟು. ಬ್ರೆಡ್ಡು, ತರಕಾರಿ, ಜಗಳದ ಚೀಟಿ ಎಲ್ಲ ಅದರಲ್ಲೇ ಏರಿಳಿಯುತ್ತವೆ. ಹಿಕ್ಮತ್ ಎಳೆದುಕೊಂಡು ನೋಡಿದರೆ ಗುಲಾಬಿ ಹೂವಿನ ತಟ್ಟೆ, ಮೇಲೆ ಬಟ್ಟೆ, ಅದರ ಕೆಳಗೆ ದವಾಲಿ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಸುರುಳಿಗಳು, ಕಿರುಬೆರಳಿನಷ್ಟು ಸಣ್ಣವು, ಚಕ್ರದ ಹಾಗೆ ಜೋಡಿಸಿದ್ದವು. ಅವನ ಕೈ ಮೀಸೆಗೆ ಹೋಯಿತು. ಹೆಂಡತಿಗೆ ಫೋನು ಮಾಡಿದ.

"ವಾಪಸ್ ಕಳಿಸಿಬಿಡ್ಲಾ?"

"ರೀ, ತಲೆ ನೆಟ್ಟಗಿದೆಯಾ? ಆಮೇಲೆ ಈ ಬಿಲ್ಡಿಂಗಲ್ಲಿ ನಾನು ತಲೆ ಎತ್ತಿ ಓಡಾಡಬೇಕೋ ಬೇಡ್ವೋ? ತಟ್ಟೆ ಕಳಿಸಬೇಕು, ಅದೂ ಖಾಲಿ ಕಳಿಸೋ ಹಾಗಿಲ್ಲ, ಏನಾದ್ರೂ ತುಂಬಿ ಕಳಿಸಿ."

"ಚಿಪ್ಸು ತುಂಬ್ಲಾ?"

"ಆಕೆಗಿರೋದು ನಾಲ್ಕು ಹಲ್ಲು!" ಎಂದು ರಬಾಬ್ ಫೋನಿಟ್ಟಳು.

ಅಷ್ಟರಲ್ಲಿ ಬಾಗಿಲ ಬೆಲ್ಲು. ಒಂದು ಮಹಡಿ ಕೆಳಗಿನ ಉಮ್ಮು ನಿದಾಲ್, ಕೈಯಲ್ಲಿ ನೀಲಿ ಅಂಚಿನ ತಟ್ಟೆ. ಬಟ್ಟೆ ಮುಚ್ಚಿದ ಬುಟ್ಟಿ ತನ್ನ ಬಾಲ್ಕನಿ ಮುಂದೆ ಮೇಲಕ್ಕೆ ಹೋಗುವುದನ್ನು ಕಂಡ ಮೇಲೆ ಸುಮ್ಮನಿರುವ ಹೆಂಗಸಲ್ಲ ಅವಳು.

"ಕುಬ್ಬೆ ಕರಿದಿದ್ದೆ ಮಗಾ. ಒಳಗೆ ಖೀಮಾ ಇದೆ, ಮಕ್ಕಳು ತಿನ್ನಲಿ. ಒಂದು ಸ್ವಲ್ಪ ಸೀದಿದೆ, ಅದನ್ನ ನೀನು ತಿನ್ನು."

ಎರಡು ತಟ್ಟೆ ಎದುರಿಗಿಟ್ಟುಕೊಂಡು ಕೂತ ಹಿಕ್ಮತನಿಗೆ ಥಟ್ಟನೆ ಉಪಾಯ ಹೊಳೆಯಿತು. ಕುಬ್ಬೆಯನ್ನು ಗುಲಾಬಿ ತಟ್ಟೆಗೆ ಸುರಿದು ನೆಲಮಹಡಿಗೆ ಇಳಿಸಿದ. ದವಾಲಿಯನ್ನು ನೀಲಿ ತಟ್ಟೆಗೆ ಹಾಕಿ ಉಮ್ಮು ನಿದಾಲಳಿಗೆ ಕೊಟ್ಟು ಬಂದ. ಮನೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ, ತಟ್ಟೆಗಳೂ ಖಾಲಿ ಹೋಗಲಿಲ್ಲ. ಕನ್ನಡಿ ಮುಂದೆ ನಿಂತು ಮೀಸೆ ತಿರುವಿ, "ಭಲೇ ಹಿಕ್ಮತ್" ಎಂದುಕೊಂಡ.

ಅಲ್ಲೇ ಎಡವಿದ್ದು. ಉಮ್ಮು ಗಸ್ಸಾನ್ ಒಂದು ಕುಬ್ಬೆ ಮುರಿದು ಬಾಯಿಗಿಟ್ಟವಳೇ ದಂಗಾದಳು. ಒಳಗೆ ಹೋಗಿ ತಂಗಿಗೆ ಫೋನು ಹಚ್ಚಿದಳು. "ಗಂಡಸು ಕಣೇ! ಹೆಂಡತಿ ಮನೇಲಿಲ್ಲ, ತಾನೇ ಮಾಂಸ ಅರೆದು, ತಾನೇ ಕರಿದಿದ್ದಾನೆ! ನಮ್ಮನೆಯವರಿಗೆ ನೀರು ಕಾಯಿಸೋಕೂ ಬರಲ್ಲ. ನಾನು ಮೂರು ಎಲೆ ಸುರುಳಿ ಕಳಿಸಿದ್ನಲ್ಲಾ, ಮಾನ ಹೋಯ್ತು!"

ಹೋದ ಮಾನ ಹನ್ನೆರಡೂವರೆಗೆ ಮಕ್ಲೂಬಾದ ರೂಪದಲ್ಲಿ ಬಂತು. ಬದನೆ, ಕೋಳಿ, ಅನ್ನ ಎಲ್ಲ ಒಟ್ಟಿಗೆ ಬೇಯಿಸಿದ ಇಡೀ ಪಾತ್ರೆ. ಬುಟ್ಟಿ ಎಳೆಯುವಾಗ ಹಿಕ್ಮತನ ಸೊಂಟ ಕಟಕ್ಕೆಂದಿತು. ಅದೇ ಗಳಿಗೆಗೆ ಉಮ್ಮು ನಿದಾಲ್ ರೊಟ್ಟಿ ಮೇಲೆ ಈರುಳ್ಳಿ, ಹುರಿದ ಕೋಳಿ ಹರಡಿದ ದೊಡ್ಡ ಹರಿವಾಣ ಹಿಡಿದು ಬಂದಳು. "ಇಷ್ಟು ಸಣ್ಣ ದವಾಲಿ ಸುತ್ತೋಕೆ ಎಲ್ಲಿ ಕಲಿತ್ಯೋ? ನಿನ್ನ ಕೈಗೆ ಮುತ್ತು ಕೊಡಬೇಕು!"

"ಅದು... ಹಾಗೇ... ಬಂದುಬಿಡ್ತು," ಎಂದ ಹಿಕ್ಮತ್. ಅದು ನಿಜವೇ.

ಮತ್ತೆ ಅದಲು ಬದಲು. ಕೋಳಿ ರೊಟ್ಟಿ ಕೆಳಗೆ ಹೋಯಿತು, ಮಕ್ಲೂಬಾದಲ್ಲಿ ಅರ್ಧ ಉಮ್ಮು ನಿದಾಲಳ ಹರಿವಾಣಕ್ಕೆ ಸೇರಿತು. ಉಳಿದರ್ಧವನ್ನು ಅವನು ತನ್ನ ಮನೆಯ ಪಾತ್ರೆಗೆ ಹಾಕಿಕೊಂಡು ಮೇಲಿನ ಮಹಡಿಗೆ ಓಡಿದ. ಅಲ್ಲಿ ರಿಟೈರಾದ ಹೆಡ್‌ಮಾಸ್ತರ್ ಅಬು ಶಿಹಾಬ್ ಒಬ್ಬನೇ ಇರುತ್ತಾನೆ, ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಅವನ ಕಣ್ಣು ತುಂಬಿ ಬಂತು. "ಬಿಸಿ ಮಕ್ಲೂಬಾ! ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗನೇ." ಐದು ನಿಮಿಷಕ್ಕೆ ಅದೇ ಪಾತ್ರೆ ವಾಪಸ್ಸು ಬಂತು, ಅದರ ತುಂಬ ಮನೆಯಲ್ಲೇ ಉಪ್ಪಿಗೆ ಹಾಕಿದ ಆಲಿವ್ ಕಾಯಿ. ಉಪ್ಪಿಗೆ ಹಾಕಿದ್ದು ಅಡುಗೆಯೋ ಅಲ್ಲವೋ ಎಂದು ಹಿಕ್ಮತ್ ಕಾಲು ಗಂಟೆ ತಲೆ ಕೆಡಿಸಿಕೊಂಡ. ಮೀಸೆಯ ವಿಷಯದಲ್ಲಿ ಅನುಮಾನ ಇಟ್ಟುಕೊಳ್ಳಬಾರದೆಂದು ಅದನ್ನೂ ಕೆಳಗಿಳಿಸಿದ. ಬೆಳಗ್ಗಿನಿಂದ ತಾನು ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ತಿನ್ನಲು ಪುರುಸೊತ್ತಿರಲಿಲ್ಲ. ಮತ್ತೆ ಬೆಲ್ಲು ಹೊಡೆದಿತ್ತು, ಮೂರನೇ ಸುತ್ತಿನ ಪಾತ್ರೆ, ಹರಿವಾಣ ಬರತೊಡಗಿದ್ದವು.

ನಾಲ್ಕು ಗಂಟೆಗೆ ಬಾಗಿಲಲ್ಲಿ ಇಬ್ಬರೂ ಹೆಂಗಸರು ಒಟ್ಟಿಗೆ ನಿಂತಿದ್ದರು. ನೆಲಮಹಡಿಯವಳು ಮಂಡಿನೋವು ಮರೆತು ಎರಡು ಮಹಡಿ ಹತ್ತಿದ್ದಳೆಂದರೆ ವಿಷಯ ಗಂಭೀರವೇ ಇರಬೇಕು. ಆಗಿದ್ದಿಷ್ಟು. ಮನೆಯಲ್ಲಿ ರಾಶಿ ಬಿದ್ದ ತಿಂಡಿ ಖರ್ಚು ಮಾಡಲು ಉಮ್ಮು ಗಸ್ಸಾನ್ ನಾಲ್ಕು ಕುಬ್ಬೆಯನ್ನು ಉಮ್ಮು ನಿದಾಲಳಿಗೆ ಕೊಟ್ಟಿದ್ದಳು. ಅದರಲ್ಲಿ ಸೀದ ಕುಬ್ಬೆಯೂ ಇತ್ತು.

"ಇದು ಯಾರದು?" ಉಮ್ಮು ನಿದಾಲ್ ಆ ಕುಬ್ಬೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. "ನಾನು ಸೀಯಿಸಿದ್ದು ನನಗೆ ಗುರುತು ಸಿಗಲ್ವಾ?"

"ಅವಳ ಮನೇಲಿ ನನ್ನ ದವಾಲಿ ಕೂತಿದೆ," ಎಂದಳು ಉಮ್ಮು ಗಸ್ಸಾನ್. "ನಮ್ಮ ಅಡುಗೆ ಬೀದಿಪಾಲು ಮಾಡಿದ್ಯಾ? ಅಷ್ಟೊಂದು ಕೆಟ್ಟಿದೆಯೇನೋ?"

ಹಿಕ್ಮತ್ ಪೆಚ್ಚಾಗಿ ಎಲ್ಲ ಹೇಳಿಬಿಟ್ಟ. ಸೋರೆಕಾಯಿ ಅಜ್ಜಿ, ಮಗಳ ಕಣ್ಣೀರು, ಆಣೆ. ಹೇಳುತ್ತ ಹೇಳುತ್ತ ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಗೋಡೆ ಹಿಡಿದು ನಗತೊಡಗಿದರು.

"ಮೀಸೆ ಆಣೆ ಅಂತ ಮೊದಲೇ ಬೊಗಳಬಾರದಾಗಿತ್ತಾ ಹುಚ್ಚಪ್ಪ!" ಎಂದಳು ಉಮ್ಮು ಗಸ್ಸಾನ್. "ತಗೋ, ಎಲ್ಲಾ ನಾವೇ ತಗೊಂಡು ಹೋಗ್ತೀವಿ. ಇನ್ನು ಈ ಬಿಲ್ಡಿಂಗಿಂದ ಒಂದು ಅಗುಳು ನಿನ್ನ ಮನೆಗೆ ಬಂದ್ರೆ ನನ್ನ ಹೆಸರು ಕರೀಬೇಡ."

ಹಾಗೇ ಮಾಡಿದರು. ಪಾತ್ರೆ, ಹರಿವಾಣ ಎಲ್ಲ ಹೊತ್ತುಕೊಂಡರು, ಕೊನೆಗೆ ಒಲೆ ಮೇಲೆ ಉದುರಿದ್ದ ಅನ್ನವನ್ನೂ ಉಮ್ಮು ನಿದಾಲ್ ಒರೆಸಿಕೊಟ್ಟು ಹೋದಳು. ಐದೂವರೆಗೆ ಜುಮಾನಾ ಬಂದು ಅಡುಗೆಮನೆಯನ್ನು ಪೊಲೀಸಿನವಳ ಹಾಗೆ ತಪಾಸಣೆ ಮಾಡಿದಳು. ಫ್ರಿಜ್ಜು ತೆಗೆದಳು, ಮೂಸಿದಳು. ಮೇಜಿನ ಮೇಲೆ ಐದು ಪಿಜ್ಜಾ ಡಬ್ಬ, ಚಿಪ್ಸು, ಕೇಕು. "ಅಪ್ಪಾ!" ಎಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಹಿಕ್ಮತನಿಗೆ ಇಡೀ ದಿನದ ಸೊಂಟನೋವು ಮರೆತುಹೋಯಿತು.

ಆರಕ್ಕೆ ಬೆಲ್ಲು. ಜುಮಾನಾಳ ಗೆಳತಿ ಲುಜೈನ್ ನಿಂತಿದ್ದಳು, ಉಮ್ಮು ಗಸ್ಸಾನಳ ತಂಗಿಯ ಮೊಮ್ಮಗಳು. ಬೆನ್ನಿಗೆ ಚೀಲ, ಕಂಕುಳಲ್ಲಿ ದಿಂಬು, ಎರಡೂ ಕೈಯಲ್ಲಿ ಮುಚ್ಚಳ ಹಾಕಿದ ಪಾತ್ರೆ.

"ಅಂಕಲ್, ಇದು ಅಮ್ಮ ಕೊಟ್ರು. 'ಹಿಕ್ಮತ್ ಅಂಕಲ್ ಬೆಳಗ್ಗಿಂದ ಒಲೆ ಮುಂದೆ ನಿಂತು ಕುಬ್ಬೆ, ಕೋಳಿ, ಏನೇನೋ ಮಾಡ್ತಿದ್ದಾರಂತೆ. ಅಂಥವರ ಮನೆಗೆ ಖಾಲಿ ಕೈಲಿ ಹೋಗಬಾರದು' ಅಂದ್ರು. ಎಲ್ಲರಮ್ಮನಿಗೂ ಫೋನ್ ಮಾಡಿ ಹೇಳಿದ್ದಾರೆ."

ಮೆಟ್ಟಿಲ ಮೇಲೆ ಅವಳ ಹಿಂದೆ ಇನ್ನೂ ನಾಲ್ಕು ಹುಡುಗಿಯರು ಏದುಸಿರು ಬಿಡುತ್ತಿದ್ದರು. ನಾಲ್ಕು ದಿಂಬು, ನಾಲ್ಕು ಪಾತ್ರೆ. ಒಂದರ ಮುಚ್ಚಳ ಸರಿದಿತ್ತು. ಒಳಗೆ ಅಕ್ಕಿ ತುಂಬಿದ ಎಳೆ ಸೋರೆಕಾಯಿ.

ಜುಮಾನಾ ಪಾತ್ರೆಗಳನ್ನು ನೋಡಿದಳು, ಆಮೇಲೆ ಅಪ್ಪನ ಮೂಗಿನ ಕೆಳಗೆ ನೋಡಿದಳು. ಅಳಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಲುಜೈನ್ ಚಪ್ಪಲಿ ಬಿಟ್ಟವಳೇ ಒಳಗೆ ಓಡಿ, "ಅಯ್ಯೋ, ಇಲ್ಲೂ ಪಿಜ್ಜಾನಾ? ಎಲ್ಲರ ಮನೇಲೂ ಅದೇ!" ಎಂದು ಸೋರೆಕಾಯಿ ಪಾತ್ರೆಗೆ ಕೈ ಹಾಕಿದಳು. ಉಳಿದವರೂ ನೆಲದ ಮೇಲೆ ವೃತ್ತವಾಗಿ ಕೂತರು. ಹತ್ತು ನಿಮಿಷದಲ್ಲಿ ಪಾತ್ರೆಗಳ ತಳ ಕಂಡಿತು. ಒಬ್ಬಳೂ ಸೋರೆಕಾಯಿ ಅಜ್ಜಿಯ ಸುದ್ದಿ ಎತ್ತಲಿಲ್ಲ.

ಏಳಕ್ಕೆ ಬಂದ ರಬಾಬ್ ಐದು ಖಾಲಿ ಪಾತ್ರೆ, ಐದು ತುಂಬಿದ ಪಿಜ್ಜಾ ಡಬ್ಬ ಕಂಡಳು. ಹಿಕ್ಮತ್ ಒಂದು ತುಂಡಿಗೆ ಕೈ ಚಾಚಿದ್ದ. ಅವನ ಕೈಗೆ ಪಟ್ಟೆಂದು ಹೊಡೆದಳು. "ನಾಳೆ ಆ ಪಾತ್ರೆಗಳನ್ನ ಖಾಲಿ ಕಳಿಸ್ತೀರಾ?" ಪಿಜ್ಜಾ ಅಷ್ಟೂ ಪಾತ್ರೆ ಸೇರಿತು. ಹಿಕ್ಮತ್ ಚಿಪ್ಸು ತಿಂದ.

"ಅಪ್ಪಾ, ಇಷ್ಟು ಒಳ್ಳೆ ಪಾರ್ಟಿ ಯಾರ ಮನೇಲೂ ಆಗಿಲ್ವಂತೆ," ಎಂದು ಜುಮಾನಾ ಅವನ ತೊಡೆಯ ಮೇಲೆ ಕೂತಳು.

"ಹಾಗಾದ್ರೆ ಮೀಸೆ..."

"ಆಣೆ ಆಣೇನೇ ಅಪ್ಪಾ." ರೇಜರನ್ನು ಅವಳೇ ತಂದುಕೊಟ್ಟಳು. ಐದು ಹುಡುಗಿಯರು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ಶುಕ್ರವಾರ ಬೆಳಗ್ಗೆ ಬೆಲ್ಲು ಹೊಡೆಯಿತು. ಹಿಕ್ಮತ್ ಬಾಗಿಲು ತೆಗೆದ. ಉಮ್ಮು ಗಸ್ಸಾನ್ ಗುಲಾಬಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಬಿಸಿ ದವಾಲಿಯ ವಾಸನೆಗೆ ಅವನ ಹೊಟ್ಟೆ ಗುರ್ರೆಂದಿತು. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ರಬಾಬಳ ತಮ್ಮನಾ? ಯಾವಾಗ ಬಂದೆ? ಹಿಕ್ಮತ್ ಇದ್ದಾನಾ? ಪಾರ್ಟಿ ಮುಗೀತಲ್ಲ, ಪಾಪ, ಇನ್ನಾದ್ರೂ ತಿನ್ನಲಿ ಅಂತ ತಂದೆ."

ಹಿಕ್ಮತ್ ಬೋಳು ತುಟಿಯನ್ನು ಒಮ್ಮೆ ಸವರಿಕೊಂಡ. ನಾನೇ ಹಿಕ್ಮತ್ ಎಂದರೆ ಮಧ್ಯಾಹ್ನದೊಳಗೆ ಇಡೀ ಬೀದಿ ಮೀಸೆಯಿಲ್ಲದ ಮುಖ ನೋಡಲು ಬರುತ್ತದೆ.

"ಭಾವ ಇಲ್ಲ," ಎಂದ.

"ಪರವಾಗಿಲ್ಲಪ್ಪ, ನೀನೇ ತಿನ್ನು." ಆಕೆ ತಟ್ಟೆಯನ್ನು ಅವನ ಕೈಗಿಟ್ಟು ಮೆಟ್ಟಿಲು ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ತಿರುಗಿ ನಿಂತಳು. "ತಟ್ಟೆಗೆ ಅವಸರ ಏನಿಲ್ಲ ಅಂತ ನಿಮ್ಮ ಭಾವಂಗೆ ಹೇಳು. ಆ ಕುಬ್ಬೆ ಮಾಡಿದಾಗ ಕಳಿಸಿದ್ರೆ ಸಾಕು. ಈ ಸಲ ಅವನ ಕೈಯಾರೆ."