ಬೆಲ್ಲ ಬೆರೆಸಿದ ರಕ್ತ

ನಾವು ಸಿಂಪಿಗರು ಬಟ್ಟೆಗೆ ಹೆದರುವುದಿಲ್ಲ, ಗಿರಾಕಿಗೂ ಅಷ್ಟಾಗಿ ಹೆದರುವುದಿಲ್ಲ. ನಾವು ಹೆದರುವುದು ನಮ್ಮದೇ ಬೆರಳಿಗೆ. ಸೂಜಿಗೆ ಬಟ್ಟೆ ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ಚುಚ್ಚಿತೆಂದು ಹಾಯೆನ್ನುತ್ತ ಕೂಡುವ ಹಾಗೂ ಇಲ್ಲ; ಮೊದಲು ಬಟ್ಟೆ ನೋಡಬೇಕು, ಆಮೇಲೆ ಬೆರಳು. ಬಿಳಿ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಬಿದ್ದರೂ ಮದುವೆಯ ಅಂಗಿ ಅಪಶಕುನದ ಅಂಗಿಯಾಗಿಬಿಡುತ್ತದೆ. ಅದಕ್ಕೆ ನಮ್ಮಲ್ಲೊಂದು ಉಪಾಯವಿದೆ. ಬಿಳಿ ನೂಲಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ತೋಯಿಸಿ, ಕೂಡಲೇ ಅದರಿಂದ ಕಲೆಯನ್ನು ತಿಕ್ಕಬೇಕು. ರಕ್ತ ಯಾರದೋ ಉಗುಳೂ ಅವರದೇ ಆಗಬೇಕು, ಬೇರೆಯವರದು ನಡೆಯುವುದಿಲ್ಲ. ತಿಕೋಟಾದ ಶಾಲೆಯನ್ನು ಮೂರನೇ ಇಯತ್ತೆಗೇ ಬಿಟ್ಟು ಹೊಲಿಗೆಗೆ ಕುಳಿತ ನನಗೆ ಮೊದಲು ಕಲಿಸಿದ ಪಾಠವೇ ಇದು. ಶಾಲೆಯಲ್ಲಿ ಕಲಿತದ್ದು ಅರ್ಧ ಮರೆತಿದೆ, ಇದನ್ನು ಮಾತ್ರ ಮರೆತಿಲ್ಲ. ವಿಜಾಪುರದ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟ ಮೇಲೆ ನಾನು ಹೊಲಿದ ಬಟ್ಟೆಯ ಮೇಲೆ ಒಂದು ಚುಕ್ಕೆ ರಕ್ತ ತೋರಿಸಿದವರಿಲ್ಲ. ಇದು ಜಂಬವೆಂದರೆ ಜಂಬ. ದುಡಿದು ತಿನ್ನುವವನಿಗೆ ಅಷ್ಟೂ ಜಂಬ ಬೇಡವೇ?

ಇಂಥ ನಾನು ಹೋದ ವರ್ಷ ಕುಳಿತು ಒಂದು ಒಳ್ಳೆಯ ಬಿಳಿ ಅಂಗಿಗೆ ಬೇಕೆಂದೇ ರಕ್ತ ಹಚ್ಚಿದೆ. ಹಚ್ಚಿದ್ದಕ್ಕೆ ಕಾರಣ ನನ್ನ ಬಾಯಿ.

ನನ್ನ ಹೆಂಡತಿಯ ತವರು ಬಬಲೇಶ್ವರ. ಅಲ್ಲಿ ಹೋಳಿ ಹುಣ್ಣಿಮೆಯ ಮರುದಿನ ಬಂಡಿಗಳ ಮೇಲೆ ಸೋಗು ಹೊರಡಿಸುತ್ತಾರೆ. ಒಂದು ಬಂಡಿಯಲ್ಲಿ ಕರಡಿ, ಇನ್ನೊಂದರಲ್ಲಿ ಬಿಳಿ ಸಾಹೇಬ ಮತ್ತು ಅವನ ಹೆಂಡತಿ ಮಡ್ಡಮ್ಮ, ಮುಂದೆ ಹಲಗಿಯ ಬಡಿತ, ಹಿಂದೆ ಬೊಬ್ಬೆ. ಅದಕ್ಕೂ ಹಿಂದಿನ ವರ್ಷ ನನ್ನ ಹೆಂಡತಿಯ ತಮ್ಮ ಶಿವಪ್ಪ ಬೆನ್ನಿಗೆ ಕೊಡಲಿ ಬಿದ್ದು ಸತ್ತವನ ಸೋಗು ಹಾಕಿ, ಬಂಡಿಯಲ್ಲಿ ಬೋರಲು ಮಲಗಿದ್ದ. ರಕ್ತಕ್ಕೆಂದು ಕುಂಕುಮ ಕಲಸಿ ಬೆನ್ನಿಗೆ ಸುರುವಿಕೊಂಡಿದ್ದ. ಊರಿಗೆ ಊರೇ ಕೆಂಪು ಬಣ್ಣದಲ್ಲಿ ಮುಳುಗಿರುವ ದಿನ ಅವನೊಬ್ಬನ ಕೆಂಪನ್ನು ಯಾರು ರಕ್ತವೆಂದು ನಂಬಬೇಕು? ಮಾವನವರ ನೆರೆಯ ಚನಬಸಪ್ಪ ಕಾಕಾ ಬಂಡಿಯನ್ನು ನಿಲ್ಲಿಸಿ ಕೈ ಮುಗಿದರು.

“ಯಾರೋ ಭಾಳ ಭಕ್ತಿಲೇ ಪೂಜಾ ಮಾಡ್ಯಾರ್ರಿ. ಒಂದ್ ಕಾಯಿ ಒಡೀರಿ, ಊದಿನಕಡ್ಡಿ ಹಚ್ಚರಿ!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ತು ಬಿದ್ದಿದ್ದ ಶಿವಪ್ಪನೂ ನಕ್ಕ. ನಾನು ಊರ ಅಳಿಯ. ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ನಿಂತವನು ಸುಮ್ಮನೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

“ಮುಂದಿನ ವರ್ಷ ಈ ಸೋಗು ನಾ ತಯಾರ್ ಮಾಡತೀನ್ರಿ ಕಾಕಾ. ನೋಡಿದವರಾಗ ಒಬ್ಬ ನಕ್ಕರೂ ನನ್ನ ಕತ್ತರಿ ನಿಮ್ಮ ಚಾವಡಿಯಾಗಿಟ್ಟು ಹೋಗತೀನಿ.”

“ಒಬ್ಬ ನಕ್ಕರೂ?”

“ಒಬ್ಬ ನಕ್ಕರೂ.”

“ಹಂಗಾರ ಕತ್ತರಿ ಚಲೋತ್ನ್ಯಾಗಿ ಸಾಣಿ ಹಿಡಿಸ್ಕೊಂಡು ತರ್ರಿ ಅಳಿಯಾರ. ನಮ್ಮನ್ಯಾಗ ಕುರಿ ಉಣ್ಣಿ ಕತ್ತರಸಾಕ ಬೇಕಾಗೈತಿ,” ಎಂದರು ಕಾಕಾ.

ನನ್ನ ಕತ್ತರಿ ಎಂದರೆ ನನ್ನ ಬಲಗೈ ಇದ್ದ ಹಾಗೆ. ಅದರಿಂದ ಕುರಿಯ ಉಣ್ಣೆ! ವರ್ಷವಿಡೀ ಅದು ನನ್ನ ಕಿವಿಯಲ್ಲಿ ಕಚಕಚ ಎನ್ನುತ್ತಿತ್ತು.

ಹೋಳಿ ಹತ್ತಿರ ಬಂದಂತೆ ಅಂಗಡಿಯಲ್ಲಿ ಪ್ರಯೋಗ ಶುರುವಾಯಿತು. ಆಗಿನ್ನೂ ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಇದ್ದ ಮಾಂಜರಪಾಟದ ದಪ್ಪ ಬಟ್ಟೆಯಲ್ಲಿ ಒಂದು ಬಿಳಿ ಅಂಗಿ ಹೊಲಿದಿಟ್ಟು, ಉಳಿದ ಚಿಂದಿಗಳ ಮೇಲೆ ಬಣ್ಣ ಹಚ್ಚಿ ನೋಡತೊಡಗಿದೆ. ನನ್ನ ಹೆಂಡತಿ ಗೌರವ್ವ ಬಾಗಿಲಲ್ಲಿ ನಿಂತು ಎರಡೂ ಕೈ ಸೊಂಟದ ಮೇಲಿಟ್ಟಳು.

“ಮಂದಿ ಉಡಾಕ ಅರಿವಿ ಸಿಗವಲ್ದಂತ ಅಳಾಕತ್ಯಾರ, ನೀವು ಇದ್ದದ್ದಕ್ಕ ರಕ್ತಾ ಹಚ್ಚಾಕತ್ತೀರಿ. ಜನಾ ಕೇಳಿದರ ನಾ ಏನ್ ಹೇಳ್ಲಿ?”

“ನಿನ್ನ ತಮ್ಮನ ಮಾನದ ಸಲುವಾಗಿ ಮಾಡಾಕತ್ತೀನಂತ ಹೇಳ.”

“ನನ್ನ ತಮ್ಮ ನಕ್ಕೋತ ಹಾಸಿಗ್ಯಾಗ ಮಲಗ್ಯಾನ. ಮಾನಾ ಹೋಗಾಕತ್ತಿದ್ದು ನಿಮ್ದು.”

ಆದರೂ ಪರೀಕ್ಷೆಗೆ ಅವಳೇ ಕುಳಿತಳು. ನಾನು ತೋರಿಸುವುದು, ಅವಳು ನಪಾಸು ಮಾಡುವುದು. “ಇದು ಕುಂಕುಮ.” “ಇದು ಕೆಂಪು ಶಾಯಿ, ಮಾಸ್ತರು ತಪ್ಪು ತಿದ್ದಿದಂಗ ಕಾಣತೈತಿ.” “ಇದೇನ್ರಿ, ಮೆಣಸಿನಕಾಯಿ ಚಟ್ನಿ ಚೆಲ್ಲಿದ್ರೇನು?” ಸಿಟ್ಟು ಬಂದು, ಬಾಯಿತುಂಬ ಎಲೆ ಅಡಿಕೆ ಜಗಿದು ಒಂದು ಚಿಂದಿಗೆ ಅದರ ರಸ ಹಚ್ಚಿ ಅಂಗಡಿಯ ಮುಂದೆ ಒಣಹಾಕಿದೆ. ಪಕ್ಕದ ಪಾನಪಟ್ಟಿ ಅಂಗಡಿಯ ಹುಸೇನಸಾಬರು ಬಗ್ಗಿ ನೋಡಿದರು.

“ಏನ್ರಿ ಟೇಲರ್ ಸಾಬ್, ನನ್ನ ಪಾನ್ ಅಷ್ಟ್ ಕೆಟ್ಟ ಆಗಿತ್ತೇನು? ಅರಿವಿ ಮ್ಯಾಲ ಉಗುಳೀರಲ್ಲ! ದೂರದಿಂದ ಖೂನ್ ಅಂತ ತಿಳದ್ನಿ, ಎದಿ ಧಸಕ್ಕಂತು.”

ಬೈಗುಳದೊಳಗೆ ಸಿಕ್ಕ ಆ ಒಂದು ಮಾತನ್ನು ನಾನು ಬಿಡಲಿಲ್ಲ. “ದೂರದಿಂದ ಖೂನ್ ಅನಿಸ್ತೇನ್ರಿ?”

“ದೂರದಿಂದ ಅನಿಸ್ತು. ಸಮೀಪ ಬಂದರ ಪಾನ್ ಅನಿಸ್ತು.”

“ಈ ಬಣ್ಣಾ ಬರೋದು ಯಾವುದರಿಂದ?”

“ಪಾನಿಗೆ ಹಚ್ಚೋ ಕಾಚಿಂದು, ಮತ್ತ್ಯಾತರದು?” ಎನ್ನುತ್ತ ಒಂದು ತುಂಡು ಕಾಚು ಮುರಿದು ನನ್ನ ಕೈಗೆ ಹಾಕಿ, ತಲೆ ಅಲ್ಲಾಡಿಸುತ್ತ ಒಳಗೆ ಹೋದರು.

ಬಣ್ಣದ ದಾರಿ ಸಿಕ್ಕಿತು, ಆದರೆ ಯಾವ ಊರಿಗೆ ಹೋಗಬೇಕು? ರಕ್ತ ಹೇಗಿರುತ್ತದೆ ಎಂಬುದೇ ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಆಗ ಹೊಳೆಯಿತು. ಲೆಕ್ಕವಿಲ್ಲದಷ್ಟು ಸಲ ಚುಚ್ಚಿಸಿಕೊಂಡ ಮನುಷ್ಯ ನಾನು. ಪ್ರತಿ ಸಲವೂ ನೂಲು ಬಾಯಿಗೆ ಹಾಕಿ ಅಳಿಸುವ ಗಡಿಬಿಡಿ. ಒಂದು ಸಲವಾದರೂ ನಿಂತು ನೋಡಿದವನಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಒಂದು ಬಿಳಿ ಚಿಂದಿ ಮುಂದಿಟ್ಟುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಬೇಕೆಂದೇ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಹನಿ ಬಿತ್ತು. ಒರೆಸಲಿಲ್ಲ. ಕೈಕಟ್ಟಿಕೊಂಡು ನೋಡುತ್ತ ಕುಳಿತೆ.

ಏನು ಹೇಳಲಿ! ಮೊದಲು ದಾಸವಾಳದಂತೆ ಕೆಂಪಗೆ ಉಬ್ಬಿ ಕುಳಿತಿತ್ತು. ಆಮೇಲೆ ಮೆಲ್ಲಗೆ ಎಳೆ ಎಳೆ ಹಿಡಿದು ನಡೆಯತೊಡಗಿತು. ಉದ್ದ ಎಳೆಯಲ್ಲಿ ಒಂದು ನಡಿಗೆ, ಅಡ್ಡ ಎಳೆಯಲ್ಲಿ ಇನ್ನೊಂದು ನಡಿಗೆ. ನಾನು ಕೈಯಲ್ಲಿ ಹಿಡಿದು ಬಾಳಿದ ಬಟ್ಟೆಯ ಹಾದಿಗಳನ್ನೆಲ್ಲ ಅದು ನನಗಿಂತ ಚೆನ್ನಾಗಿ ಬಲ್ಲದು. ಬಿಸಿಲೇರಿದಂತೆ ಕೆಂಪು ಇಳಿದು ಕಂದಾಯಿತು. ನಡುವೆ ತಿಳಿ, ಅಂಚಿಗೆ ಕಪ್ಪು ಗೆರೆ, ಯಾರೋ ಸಣ್ಣ ಕುಂಚ ಹಿಡಿದು ಎಳೆದ ಹಾಗೆ. ಗಿರಾಕಿಗಳು ಬಂದು ಕರೆದರು. ನಾನು ತಲೆ ಎತ್ತಲಿಲ್ಲ. ಇಷ್ಟು ವರ್ಷ ನನ್ನೊಳಗೆ ಹರಿದಾಡಿಕೊಂಡಿದ್ದದ್ದು ಇದೇ ಏನು? ಇದನ್ನೇ ಏನು ನಾನು ಕದ್ದ ಮಾಲಿನಂತೆ ಉಗುಳು ಹಚ್ಚಿ ಅಳಿಸುತ್ತ ಬಂದದ್ದು? ದೇವರ ಮುಂದೆ ಕುಳಿತಾಗಲೂ ಅಷ್ಟು ನಿಶ್ಚಲವಾಗಿ ಕುಳಿತವನಲ್ಲ ನಾನು. ನೆಟ್ಟಗೆ ಮುಗಿಯಲಿಲ್ಲವಾದರೂ ಕೈ ತಾನಾಗಿ ಎದೆಯವರೆಗೆ ಹೋಗಿತ್ತು.

ಆಮೇಲೆ ಕೆಲಸ ಹತ್ತಿತು. ಕಾಚು ಕುದಿಸಿ ಕಂದು ಬಣ್ಣ ತಂದೆ. ಅದು ನೀರಿನಂತೆ ಹರಿದು ಓಡುತ್ತಿತ್ತು. ಕಟ್ಟಿ ನಿಲ್ಲಿಸಲು ಬೆಲ್ಲದ ಪಾಕ ಬೆರೆಸಿದೆ. ಒಂದು ಚಿಟಿಕೆ ಕುಂಕುಮ, ಅಂಚಿಗೆ ತುಸು ಕಾಡಿಗೆ. ಇಷ್ಟಾದರೂ ಹೊಸ ಬಟ್ಟೆಯ ಗಂಜಿಯಿಂದಾಗಿ ಹನಿಗಳು ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬಿದ್ದವು. ಗಂಜಿ ಹೋಗುವಂತೆ ಅಂಗಿ ಒಗೆದು, ಒಣಗಿಸಿ, ಮತ್ತೆ ಹಚ್ಚಿದೆ. ಹೊಲಿಗೆ ಇರುವಲ್ಲಿ ಬಟ್ಟೆ ಎರಡು ಪದರು. ಹರಿದು ಬಂದ ರಕ್ತ ಅಲ್ಲಿ ತಡೆದು ದಟ್ಟವಾಗಬೇಕು. ಇದು ಸಿಂಪಿಗನಲ್ಲದೆ ಇನ್ನಾರಿಗೆ ತಿಳಿದೀತು? ಗೌರವ್ವನಿಗೆ ಏನೂ ಹೇಳದೆ ಕೊನೆಯ ಚಿಂದಿಯನ್ನು ಒಲೆಯ ಬಳಿ ಇಟ್ಟೆ. ಅವಳು ನೋಡಿದಳು. ಹೆಸರು ಇಡಲಿಲ್ಲ, ನಗಲಿಲ್ಲ. ಹಿಟ್ಟು ಹತ್ತಿದ ಕೈಯಿಂದಲೇ ನನ್ನ ಕೈ ಎಳೆದುಕೊಂಡು ಗಾಯ ಎಲ್ಲಿದೆ ಎಂದು ಒಂದೊಂದೇ ಬೆರಳು ತಿರುವಿ ನೋಡಿದಳು. ಮೂರನೇ ಇಯತ್ತೆಯ ಪರೀಕ್ಷೆಯಲ್ಲೂ ನನಗೆ ಅಂಥ ಸಂತೋಷವಾಗಿರಲಿಲ್ಲ. ಅದಕ್ಕೆ ನಾನು ಕುಳಿತೇ ಇರಲಿಲ್ಲವೆನ್ನಿ.

ಅಂಗಿಯನ್ನು ಗಂಟು ಕಟ್ಟಿಕೊಂಡು ಇದ್ದಿಲ ಗ್ಯಾಸಿನ ಮೋಟಾರಿನಲ್ಲಿ ಬಬಲೇಶ್ವರಕ್ಕೆ ಹೊರಟೆವು. ಗಂಟಿನಿಂದ ಹೊರಬಿದ್ದ ತೋಳನ್ನು ನೋಡಿ ಪಕ್ಕದಲ್ಲಿ ಕುಳಿತಿದ್ದ ಬಿಜ್ಜರಗಿಯ ಕುರುಬ ಸರಿದು ಸರಿದು ಕೊನೆಗೆ ನಿಂತೇ ಬಂದ. ನನಗೂ ಗೌರವ್ವನಿಗೂ ಕಾಲು ಚಾಚಲು ಜಾಗವಾಯಿತು.

ಹುಣ್ಣಿಮೆಯ ಮರುದಿನ ಶಿವಪ್ಪನಿಗೆ ಅಂಗಿ ತೊಡಿಸಿ, ಬೆನ್ನಿನ ಸೀಳಿಗೆ ಕಟ್ಟಿಗೆಯ ಅರ್ಧ ಕೊಡಲಿಯನ್ನು ಕಾಣದ ಹೊಲಿಗೆ ಹಾಕಿ ಕೂಡಿಸಿದೆ. “ನೀ ಅಲ್ಲಾಡಬ್ಯಾಡ, ನಗಬ್ಯಾಡ, ಕೆಮ್ಮಬ್ಯಾಡ,” ಎಂದೆ. “ಉಸರಾದ್ರೂ ಬಿಡ್ಲೇನ್ ಮಾಮಾ?” ಎಂದ. ಅವನನ್ನು ಬೋರಲು ಮಲಗಿಸಿ ಬಂಡಿ ಹೊಡೆಸಿ, ನಾನು ಮುಂದೆ ಓಡಿ ಕಟ್ಟೆಯ ಮೇಲೆ ಚನಬಸಪ್ಪ ಕಾಕಾನ ಮಗ್ಗುಲಲ್ಲೇ ನಿಂತೆ. ಕತ್ತರಿ ನನ್ನ ಸೊಂಟದಲ್ಲಿತ್ತು; ಕಾಕಾನ ಕಣ್ಣು ಅದರ ಮೇಲಿತ್ತು.

ಕರಡಿ ಹೋಯಿತು, ನಗೆ. ಸಾಹೇಬ ಹೋದ, ನಗೆ. ನನ್ನ ಬಂಡಿ ತಿರುವಿನಲ್ಲಿ ಕಂಡಿತು. ನನ್ನ ಕೈ ಕತ್ತರಿಯನ್ನು ಹಿಡಿದುಕೊಂಡಿತು. ಯಾರೋ ಒಬ್ಬ ನಗಲೆಂದು ಬಾಯಿ ತೆರೆದದ್ದನ್ನು ಕಂಡೆ. ಅಷ್ಟರಲ್ಲಿ ನಾನು ಕನಸಿನಲ್ಲೂ ಎಣಿಸದಿದ್ದ ಸಹಾಯ ಬಂತು. ನೊಣಗಳು! ಬಿಸಿಲಿಗೆ ಬೆಲ್ಲ ಕರಗಿತ್ತು. ಬಬಲೇಶ್ವರದ ಅಷ್ಟೂ ನೊಣ ಶಿವಪ್ಪನ ಬೆನ್ನಿನ ಮೇಲೆ ಗುಂಯ್ಯೆಂದು ಮುತ್ತಿದ್ದವು.

“ಲೇ, ಬಣ್ಣಕ್ಕ ನೊಣ ಕೂಡ್ತಾವೇನಲೇ?” ಎಂದಿತು ಒಂದು ದನಿ.

ಬಾಯಿ ತೆರೆದವನು ಬಾಯಿ ಮುಚ್ಚಿದ. ಹಲಗಿ ಒಂದೊಂದಾಗಿ ನಿಂತವು. ಬೊಬ್ಬೆ ನಿಂತಿತು. ಬಣ್ಣ ಮೆತ್ತಿದ ಅಷ್ಟು ಮುಖಗಳು ಬಣ್ಣದೊಳಗೇ ಬಿಳುಚಿದವು. ಬಂಡಿಯ ಗಾಲಿಯ ಸದ್ದು, ನೊಣದ ಸದ್ದು, ಅಷ್ಟೇ. ಒಬ್ಬ ಮುದುಕ ರುಮಾಲು ತೆಗೆದ. ನಾನು ಮಾಡಿದ್ದು, ಕಾಚಿನದು, ಬೆಲ್ಲದ್ದು ಎಂದು ಎಲ್ಲ ಬಲ್ಲ ನನ್ನ ಮೈಯಲ್ಲೂ ಮುಳ್ಳೆದ್ದವು. ಆ ನಿಶ್ಶಬ್ದವನ್ನು ನಾನು ಹೊಲಿದೆನೇ? ಇಷ್ಟು ದೊಡ್ಡ ಅಳತೆಯ ಬಟ್ಟೆಯನ್ನು ನಾನೆಂದೂ ಹೊಲಿದಿರಲಿಲ್ಲ.

ಚನಬಸಪ್ಪ ಕಾಕಾನ ಮುಖದಲ್ಲಿ ರಕ್ತವೇ ಇರಲಿಲ್ಲ. ಇದೇ ಹೊತ್ತೆಂದು ನಾನು ಮೆಲ್ಲಗೆ ಕೇಳಿದೆ: “ರಕ್ತಾ ಹ್ಯಾಂಗ ಬಂದೈತ್ರಿ ಕಾಕಾ?”

“ಹ್ಯಾಂಗ ಬಂದೈತಿ ಅಂದರ? ಕೊಡ್ಲಿ ಬಡದರ ರಕ್ತಾ ಬರಂಗಿಲ್ಲೇನು? ಇಲ್ಲಿ ಹೆಣಾ ಬಿದ್ದೈತಿ, ಈ ಮನಶ್ಯಾ ಏನ್ ಕೇಳಾಕತ್ಯಾನ್ ನೋಡ್ರಿ!”

ಅಷ್ಟರಲ್ಲಿ ನಮ್ಮ ಅತ್ತೆ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಬೆಳಿಗ್ಗೆ ತಾನೇ ಮಗನಿಗೆ ಹೋಳಿಗೆ ಬಡಿಸಿ, ಸೋಗಿಗೆಂದು ಕಳಿಸಿದವಳು. “ಯಪ್ಪಾ ಶಿವಾ! ಕೊಡ್ಲಿ ಹಾಕಿದವನ ಕೈ ಸೇದಿ ಹೋಗ್ಲಿ! ಏಳೋ ನನ್ನ ಮಗನ!” ಎಂದು ಬಂಡಿಗೆ ಬಿದ್ದಳು. ಹೆಣ ತಲೆ ಎತ್ತಿತು.

“ಯವ್ವಾ, ನಾ ಅದೀನಿ ಬೇ. ಮೊದ್ಲ ಆ ನೊಣಾ ಹೊಡಿ, ಜೀಂವಾ ಹೋಗಾಕತ್ತೈತಿ.”

ಆಗಲೂ ಒಬ್ಬನೂ ನಗಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರು. ಅತ್ತೆ ಒಬ್ಬಳೇ ಎದ್ದು, ಕಣ್ಣು ಒರೆಸಿಕೊಂಡು, ಸೆರಗು ಸರಿಪಡಿಸಿಕೊಂಡು, ಮರ್ಯಾದೆ ಬಿಡದೆ ನನ್ನನ್ನು ಬೈದಳು: “ಅಳಿಯಾರಂತ ಸುಮ್ಮನ ಬಿಡಾಕತ್ತೀನ್ರಿ. ಬ್ಯಾರೇದಾವ್ರಾಗಿದ್ದರ ಆ ಕೊಡ್ಲಿ ಖರೇದ ತರತಿದ್ನಿ.”

ಕತ್ತರಿ ಉಳಿಯಿತು. ಆದರೆ ಸಂಜೆ ಚಾವಡಿಯಲ್ಲಿ ನಡೆದದ್ದು ಕೇಳಿ. “ಶಿವ್ಯಾ ಏನ್ ಸತ್ತನಲೇ! ಹಿಂಗ್ ಸಾಯಾಕ ಪುಣ್ಯಾ ಬೇಕು,” ಎಂದು ಎಲ್ಲರೂ ಅವನ ಭುಜ ತಟ್ಟಿದರು. ಕಟ್ಟಿಗೆಯ ಕೊಡಲಿ ಕೆತ್ತಿದ ಬಡಿಗನನ್ನು ಹೊಗಳಿದರು. ನೊಣಗಳನ್ನೂ ಹೊಗಳಿದರು. ರಕ್ತ ಮಾಡಿದವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ರಕ್ತವನ್ನು ಯಾರಾದರೂ ಮಾಡುತ್ತಾರೇನು? ಅದು ಬರುತ್ತದೆ, ಅಷ್ಟೇ. ಕೆಲಸ ಅಷ್ಟು ಚೆನ್ನಾಗಿ ಆಗಬಾರದಿತ್ತು ಎಂದು ನನಗೆ ಆಗ ಅನಿಸಿತು.

ಕೆಲವು ದಿನಗಳ ಮೇಲೆ ಚನಬಸಪ್ಪ ಕಾಕಾ ವಿಜಾಪುರಕ್ಕೆ ಬಂದು ಮಗನ ಮದುವೆಗೆಂದು ಬಿಳಿ ಅಂಗಿ ಹೊಲಿಯಲು ಹಾಕಿದರು. ನಾನು ಮಶೀನು ತುಳಿಯುತ್ತಿದ್ದರೂ ಮನಸ್ಸೆಲ್ಲ ಆ ನಿಶ್ಶಬ್ದದಲ್ಲೇ ಇತ್ತು. ಅಂಗಿ ಒಯ್ಯಲು ಬಂದಾಗ ಬಿಡಿಸಿ ತೋರಿಸಿದೆ. ಕಾಲರಿನ ಒಳಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು, ಕಂದಗೆ. ಹೊಲಿಯುವಾಗ ಸೂಜಿ ಚುಚ್ಚಿದ್ದೇ ನನಗೆ ಗೊತ್ತಾಗಿರಲಿಲ್ಲ; ನನ್ನದೇ ರಕ್ತ. ಅಷ್ಟು ವರ್ಷಗಳಲ್ಲಿ ಮೊದಲನೆಯದು. ಕಾಕಾನೂ ನೋಡಿದರು. ಅಂಗಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಮುಖ ತುಂಬ ನಕ್ಕರು.

“ಓಹೋ! ಸೋಗಿನ ರಕ್ತಾ ನಿಮ್ದ ಕೆಲಸಂತ ಹೇಳಾಕ ಗುರುತು ಹಾಕೀರೇನ್ರಿ ಅಳಿಯಾರ? ಭಾಳ ಹುಷಾರದೀರಿ. ಇರ್ಲಿ, ಒಳಗ ಐತಿ, ಯಾರಿಗೂ ಕಾಣಂಗಿಲ್ಲ.” ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಸ್ವಲ್ಪ ಮುಖ ಸಿಂಡರಿಸಿದರು. “ಆದರ ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಹೇಳತೀನಿ. ಸೋಗಿನ್ಯಾಗ ಇದ್ದಷ್ಟು ಇದು ಖರೇ ಕಾಣವಲ್ದು.”

ನಾನು ಚುಚ್ಚಿಸಿಕೊಂಡ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ತಲೆ ತಗ್ಗಿಸಿದೆ.

“ಹೌದ್ರಿ ಕಾಕಾ. ಬೆಲ್ಲಾ ಕಡಿಮಿ ಬಿತ್ತು,” ಎಂದೆ.