ಕೆಂಚಿಯ ತಟ್ಟೆಗೆ ಬಾಯಿ ಹಾಕಿದ ಸೋಮಶೇಖರ

"ಇವತ್ತು ಶಿವಮಲ್ಲಮ್ಮ ದೊಡ್ಡವ್ವನ ಅತ್ರ ಮಾತಾಡೇ ಬುಡ್ತೀನಿ!" ಎಂದು ಭಾನುವಾರ ಬೆಳಿಗ್ಗೆ ಪಣಕಹಳ್ಳಿಯ ತನ್ನ ನಡುಮನೆಯಲ್ಲಿ ನಿಂತು ಸೋಮಶೇಖರ ಘೋಷಿಸಿದ. "ಅವ್ರ ಬೆಕ್ಕಿನ ಊಟ ಸರಿಯಿಲ್ಲ ಅನ್ನೋದ್ನ ಅವ್ರಿಗೆ ಒಂಚೂರೂ ನೋವಾಗ್ದಂಗೆ, ಊವ ಎತ್ತಿದಂಗೆ ಏಳ್ತೀನಿ ನೋಡು."

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮಂಗಳಗೌರಿ ತಲೆ ಎತ್ತಲಿಲ್ಲ. "ಬ್ಯಾಡ ಕಣ್ರೀ. ನೀವು ನಯವಾಗಿ ಮಾತಾಡಿದ್ ದಿನ್ವೇ ನಮ್ಗೆ ಒಬ್ರು ನೆಂಟ್ರು ಕಮ್ಮಿಯಾಯ್ತರೆ. ನಮ್ಮಣ್ಣನ ಒಸ ಮನೆ ಮರ್ತೋಯ್ತಾ?"

ಮರೆತಿರಲಿಲ್ಲ. ಭಾವಮೈದುನ ಜಡೇಸ್ವಾಮಿಯ ಗೃಹಪ್ರವೇಶದಲ್ಲಿ "ಅಡುಗೆಮನೆ ಚಿಕ್ಕದಾದ್ರೂ ಅಚ್ಚುಕಟ್ಟಾಗದೆ" ಎಂದು ಸೋಮಶೇಖರ ತುಂಬಿದ ಮನಸ್ಸಿನಿಂದಲೇ ಹೊಗಳಿದ್ದ. ಅದು ಅಡುಗೆಮನೆಯಲ್ಲ, ನಡುಮನೆ! ಜಡೇಸ್ವಾಮಿ ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಆದರೂ ತಾಳವಾಡಿಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟ ಸೋಮಶೇಖರನಿಗೆ ತನ್ನ ನಾಲಗೆಯ ಮೇಲೆ ಅಪಾರ ಭರವಸೆ. ಸತ್ಯಮಂಗಲದಿಂದ ಬರುವ ಏಜೆಂಟ್ ಒಬ್ಬ ಇತ್ತೀಚೆಗೆ ಬೆಕ್ಕಿನ ಆಹಾರದ ಪಾಕೀಟುಗಳನ್ನು ಅಂಗಡಿಗೆ ತುಂಬಿ, ಸತ್ವ, ಹೊಳಪು, ಹಲ್ಲು, ಕರುಳು ಎಂದು ತಮಿಳಿನಲ್ಲಿ ದೊಡ್ಡ ಪಾಠವನ್ನೇ ಹೇಳಿಹೋಗಿದ್ದ. ಅಂದಿನಿಂದ ಸೋಮಶೇಖರ ಊರಿನ ಬೆಕ್ಕುಗಳ ಉದ್ಧಾರಕ. ಮನೆಯ ಬೆಕ್ಕು ಬೆಳ್ಳಿಗೂ ಪಾಕೀಟಿನದೇ ಊಟ. ಪಾಕೀಟಿನ ಮೇಲೆ ಮೀನಿನ ಚಿತ್ರವಿದ್ದದ್ದರಿಂದ, ಲಿಂಗಪೂಜೆಯ ಮನೆಯೊಳಗೆ ಅದನ್ನು ತರಕೂಡದೆಂದು ಮಂಗಳಗೌರಿ ಅಪ್ಪಣೆ ಮಾಡಿದ್ದಳು. ಅದು ಸ್ಕೂಟರಿನ ಡಿಕ್ಕಿಯಲ್ಲೇ ವಾಸವಾಗಿತ್ತು.

ಪಕ್ಕದ ಮನೆಯ ಶಿವಮಲ್ಲಮ್ಮ ಯಾರೋ ಎತ್ತಣದವರಲ್ಲ. ಹೋದ ವರ್ಷ ಮಂಗಳಗೌರಿ ಕೈ ಮುರಿದುಕೊಂಡಾಗ, ಕಟ್ಟು ಬಿಚ್ಚುವವರೆಗೂ ಈ ಮನೆಗೆ ಎರಡು ಹೊತ್ತಿನ ಊಟ ಹಾಕಿದ ತಾಯಿ. ಕೈ ನೆಟ್ಟಗಾದ ಮೇಲೂ ಸಂಜೆಯಾದರೆ ಗೋಡೆಯ ಮೇಲಿಂದ ಒಂದು ಬಟ್ಟಲು ಉಪ್ಸಾರು ಬರುವುದು ನಿಲ್ಲಲಿಲ್ಲ. ಆ ಬಟ್ಟಲು ಬರುವ ಹೊತ್ತಿಗೆ ಸೋಮಶೇಖರ ಅಂಗಡಿ ಮುಚ್ಚಿ ಓಡಿ ಬರುತ್ತಿದ್ದ.

ಅವನು ಹೋದಾಗ ದೊಡ್ಡವ್ವ ಜಗಲಿಯ ಮೇಲೆ ಕೂತು, ಉಪ್ಸಾರಿಗೆ ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ, ಖಾರ ಬೆರೆಸದೆ, ಮುದ್ದೆಯ ಚೂರು ಕಿವುಚಿ ತಮ್ಮ ಬೆಕ್ಕು ಕೆಂಚಿಯ ಮುಂದಿಡುತ್ತಿದ್ದರು. ಮಗ ಸೊಸೆ ಹೊಲಕ್ಕೆ ಹೋದ ಮೇಲೆ ಹಗಲೆಲ್ಲ ಅವರಿಗೆ ಕೆಂಚಿಯೇ ಜೊತೆ. ಅದರ ಊಟವಾಗದೆ ಅವರು ತುತ್ತು ಎತ್ತುತ್ತಿರಲಿಲ್ಲ.

"ದೊಡ್ಡವ್ವ, ಕೆಂಚಿ ಯಾಕೋ ಬಡವಾಗದೆ ಅಲ್ವಾ?" ಸೋಮಶೇಖರ ಸಕ್ಕರೆಯಂಥ ದನಿಯಲ್ಲಿ ಶುರುಮಾಡಿದ.

"ಜೋಳದ ರಾಶಿ ಕಾಯ್ತದೆ ಕಣಪ್ಪ. ಇಲಿ ಇಂದೆ ಓಡೀ ಓಡೀ ಅಂಗಾಗದೆ."

"ಮೈಯ್ಯಲ್ಲಿ ಒಳಪೇ ಇಲ್ಲ. ತೆಪ್ಪು ಕೆಂಚಿದಲ್ಲ. ನಿಮ್ದಂತೂ ಅಲ್ವೇ ಅಲ್ಲ! ಊಟದ್ದು."

"ಯಾವ ಊಟದ್ದು?"

"ಇದೇಯ, ಮುದ್ದೆ, ಉಪ್ಸಾರು. ಒಟ್ಟೆ ತುಂಬ್ತದೆ ಅಷ್ಟೇ, ಸತ್ವ ಅನ್ನದು ಒಂಚೂರೂ ಇಲ್ಲ. ಪಾಪ, ಉಣ್ಣೋ ಜೀವ ಬ್ಯಾರೆ ಗತಿ ಇಲ್ದೆ ಉಣ್ತದೆ."

ದೊಡ್ಡವ್ವನ ಕೈ ತಟ್ಟೆಯಲ್ಲೇ ನಿಂತಿತು. "ನಮ್ಮನೇಲಿ ಬೆಕ್ಕಿಗೊಂದು ಮನುಷ್ಯರ್ಗೊಂದು ಬೇಯ್ಸಾಕಿಲ್ಲ ಕಣಪ್ಪ. ನಿಮ್ಮನೆಗೂ ಇದೇ ಗಡ್ಗೇದೇ ಕಳುಸ್ತಿರೋದು."

ಎಂಥ ಹುಂಬನಿಗೂ ಬಾಯಿ ಮುಚ್ಚಿಕೊಳ್ಳಬೇಕೆಂದು ತಿಳಿಯುವ ಗಳಿಗೆ ಅದು. ನಮ್ಮ ಸೋಮಶೇಖರನೋ, ಇನ್ನೂ ನಯವಾಗಿ ನಕ್ಕ. "ಅಯ್ಯೋ, ಮನುಷ್ಯರ್ಗೆ ಅದೆಲ್ಲ ನಡೀತದೆ ದೊಡ್ಡವ್ವ!"

ಸಂಜೆ ಗೋಡೆಯ ಮೇಲೆ ಬಟ್ಟಲು ಬರಲಿಲ್ಲ.

"ಏನಂದ್ರಿ?" ಮಂಗಳಗೌರಿ ಎರಡೆರಡು ಸಲ ಕೇಳಿದಳು. "ಮನುಷ್ಯರ್ಗೆ ನಡೀತದೆ ಅಂದ್ರಾ? ಉಂಡ ಬಾಯಲ್ಲೇ ಅಂದ್ರಾ?"

"ನಾ ಏಳಿದ್ದು ಬೆಕ್ಕಿನ ವಿಷ್ಯ ಕಣೇ!"

"ನನ್ನ ಕೈಲಿ ಆಗ್ದಿದ್ದಾಗ ಆವಮ್ಮ ನಂಗೆ ತುತ್ತು ಮಾಡಿ ಬಾಯ್ಗಿಟ್ಟವ್ರೆ ಕಣ್ರೀ." ಅವಳ ಕಣ್ಣು ತುಂಬಿತ್ತು. ಆಡಿದ ಮಾತು ಯಾರಿಗೆ ತಾಗಿತೆಂದು ಸೋಮಶೇಖರನಿಗೆ ಆಗ ಹೊಳೆಯಿತು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಸೋಮಶೇಖರ ಸುಮ್ಮನಿರುವ ಜಾತಿಯವನಲ್ಲ. ಬೆಳಿಗ್ಗೆ ಎದ್ದವನೇ ಸಮಾಧಾನದ ಕಾಣಿಕೆಯಾಗಿ ಒಂದು ಪಾಕೀಟನ್ನು ದೊಡ್ಡವ್ವನ ಜಗಲಿಯ ಮೇಲಿಟ್ಟು ಬಂದ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ತಾವೇ ಬಂದರು. ಒಂದು ಕೈಯಲ್ಲಿ ಆ ಪಾಕೀಟು, ಇನ್ನೊಂದು ಕಂಕುಳಲ್ಲಿ ಕೆಂಚಿ. ಎರಡನ್ನೂ ಬಾಗಿಲಲ್ಲಿ ಇಳಿಸಿದರು.

"ಗತಿ ಇಲ್ದೆ ಉಣ್ತಿತ್ತು ಅಂದ್ಯಲ್ಲಪ್ಪ. ಒಳ್ಳೆ ಊಟ ಇರೋ ಮನೇಲೇ ಇರ್ಲಿ ಬುಡು."

ತಿರುಗಿ ನೋಡದೆ ಹೋದರು.

ಕೆಂಚಿ ಮಂಚದ ಕೆಳಗೆ ಸೇರಿಕೊಂಡಿತು. ಸೋಮಶೇಖರ ಅಂಗಳದಲ್ಲಿ ಪಾಕೀಟು ಬಿಚ್ಚಿ ಸುರಿದ, ಪುಸಲಾಯಿಸಿದ, ಕೊನೆಗೆ ನೆಲಕ್ಕೆ ಕೆನ್ನೆ ಹಚ್ಚಿ ಮಂಚದ ಕೆಳಕ್ಕೆ ಮುಖ ತೂರಿಸಿ ಸತ್ವದ ಬಗ್ಗೆ ಭಾಷಣವನ್ನೇ ಮಾಡಿದ! ಕೆಂಚಿ ಅವನ ಮೂಗನ್ನು ಪರಚಿತು. ತಟ್ಟೆಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಅದರ ಪಾಲನ್ನೂ ಬೆಳ್ಳಿ ತಿಂದು, ಹೊಸಿಲ ಮೇಲೆ ವಾಂತಿ ಮಾಡಿತು. ಸೀರೆ ಸೆರಗು ಸಿಕ್ಕಿಸಿ ಅದನ್ನು ಬಳಿಯುತ್ತಾ ಮಂಗಳಗೌರಿ ಅಂದಳು, "ಇದೇನಾ ಸತ್ವ?"

ಮಧ್ಯಾಹ್ನ ಅವನು ಗೋಡೆಯ ಮೇಲಿಂದ ಇಣುಕಿದ. ದೊಡ್ಡವ್ವ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಮುದ್ದೆಯ ಚೂರೊಂದನ್ನು ಅಭ್ಯಾಸಬಲದಿಂದ ಕಟ್ಟಿನಲ್ಲಿ ಕಿವುಚಿದರು. ಕೆಳಗಿಡಲು ಬಗ್ಗಿದವರು ಅಲ್ಲೇ ತಡೆದರು. ಆ ತಟ್ಟೆಯನ್ನೂ ತಮ್ಮ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿ ಸುಮ್ಮನೆ ಬೀದಿ ನೋಡುತ್ತಾ ಕೂತುಬಿಟ್ಟರು. ಸೋಮಶೇಖರನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತನಗೆ ಉಣ್ಣಿಸಿದ ಜೀವವನ್ನು ತಾನೇ ಉಪವಾಸ ಕೂರಿಸಿದ್ದ.

ಕೆಂಚಿಯನ್ನು ಎತ್ತಿಕೊಂಡು ಹೋಗಿ ಅವರ ಮಡಿಲಲ್ಲಿಟ್ಟ. "ತೆಪ್ಪಾಯ್ತು ದೊಡ್ಡವ್ವ" ಎಂದ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ನಿಮ್ಮ ಉಪ್ಸಾರು ಅಂದ್ರೆ ಏನು ಸಾಮಾನ್ಯನಾ? ಅದ್ರಲ್ಲಿ..." ಎಂದು ಮತ್ತೆ ಬಾಯಿ ತೆರೆಯುತ್ತಿದ್ದಂತೆ ಅವರು ಕೈ ಎತ್ತಿ ತಡೆದರು.

ಕೆಂಚಿ ತಟ್ಟೆಗೆ ಮುಖವಿಟ್ಟು ಚಪ್ಪರಿಸಿತು. ಅದನ್ನು ನೋಡುತ್ತಾ ದೊಡ್ಡವ್ವ ತಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಒಂದು ತುತ್ತು ಮುರಿದರು. ಆಮೇಲೆ ಏನೋ ನೆನಪಾದವರಂತೆ ಒಳಗೆ ಹೋಗಿ ಒಂದು ಬಟ್ಟಲು ತಂದರು. ಹುರಳಿಕಾಳಿನ ಉಪ್ಸಾರು! ಸೋಮಶೇಖರ ಎರಡೂ ಕೈ ಚಾಚಿದ.

"ಇದು ಮಂಗಳಗೌರಿಗೆ. ಒಬ್ರಿಗೇ ಆಗೋಷ್ಟು ಅದೆ."

"ನಂಗೆ, ದೊಡ್ಡವ್ವ?"

"ಬೆಕ್ಕಿಗೆ ಮಾತು ಬರಾಕಿಲ್ಲ. ನಿನ್ನ ಎಂಡ್ರಿಗೆ ಎಂಗೆ ಮಾತಾಡ್ಬೇಕು ಅಂತ ಗೊತ್ತು. ಈ ಎರಡ್ರಲ್ಲಿ ಒಂದಾದ್ರೂ ಕಲ್ತ್ಕೊಂಡು ಬಾ, ಆಮ್ಯಾಕೆ ಬಡುಸ್ತೀನಿ."